ಅಪ್ಪನ ಸೂಜಿಗೆ ದಾರ

ಅಕ್ಕಾ,

ನೀನು ಕೊಟ್ಟ ಕಿಡ್ನಿ ಅಪ್ಪನಿಗೆ ಚೆನ್ನಾಗಿಯೇ ಹೊಂದಿಕೊಂಡಿದೆ. ಕೆಟ್ಟಿರುವುದು ಎಡಗಣ್ಣು. ಅದಕ್ಕೆ ಕಾರಣ ನಾನು.

ಆಪರೇಷನ್ ಆದ ಮೇಲೆ ಕೊಟ್ಟಿದ್ದ ವೈರಸ್ ತಡೆಯುವ ಮಾತ್ರೆಗಳನ್ನು ನಾನೇ ಬಿಡಿಸಿದೆ. "ಕಾಯಿಲೆ ಇದ್ದರೆ ದೇಹವೇ ಕೂಗಿ ಹೇಳುತ್ತೆ, ಕಂಪನಿಗಳ ಹೊಟ್ಟೆ ಯಾಕೆ ತುಂಬಿಸ್ತೀರಿ?" ಎಂದು, ಔಷಧ ಕಂಪನಿಗಳ ವಿರುದ್ಧ ನಮ್ಮ ಸಂಘ ಹಂಚುವ ಕರಪತ್ರವನ್ನೇ ಓದಿ ಹೇಳಿದೆ. "ಆಯ್ತು ಬಿಡಪ್ಪಾ ಲೀಡರ್" ಎಂದು ಅಪ್ಪ ನಕ್ಕರು.

ನೀನು ನಿನ್ನ ಪ್ರಯೋಗಾಲಯದ ವಿಷಯ ಹೇಳಿದಾಗ ನಾನು ಕಿವಿಗೊಡಲಿಲ್ಲ. ವೈರಸ್ ನಮ್ಮ ಜೀನ್‌ಗಳನ್ನು ಕೆಡಿಸಬೇಕಾಗಿಲ್ಲ, ತನ್ನ ಪುಟ್ಟ ಮೈಕ್ರೋ ಆರ್‌ಎನ್‌ಎ ತುಣುಕುಗಳಿಂದ ಅವು ಕಳಿಸುವ ಸಂದೇಶಗಳನ್ನೇ ಅಡಗಿಸುತ್ತದೆ, ಸೋಂಕು ತಗುಲಿದ ಜೀವಕೋಶ ಕೂಗುವುದನ್ನೇ ಮರೆಯುತ್ತದೆ ಎಂದು ನೀನು ಹೇಳಿದ್ದೆ. ಕಣ್ಣಿನ ಡಾಕ್ಟರು ಅದೇ ವೈರಸ್ಸಿನ ಹೆಸರು ಹೇಳಿದಾಗ ಅದೆಲ್ಲ ನೆನಪಾಯಿತು.

ಇಷ್ಟು ವರ್ಷ ಬಟ್ಟೆ ಹೊಲಿದ ಅಪ್ಪ, ದಾರ ಪೋಣಿಸಲು ಸೂಜಿಯನ್ನು ನನ್ನ ಕೈಗೆ ಕೊಡತೊಡಗಿದಾಗಲೂ ನನಗೆ ಹೊಳೆಯಲಿಲ್ಲ. ಕಣ್ಣು ಮಂಜಾಗಿದ್ದನ್ನು ಯಾಕೆ ಹೇಳಲಿಲ್ಲ ಎಂದು ಆಮೇಲೆ ಕೇಳಿದೆ. "ನಿನ್ನ ಕರಪತ್ರ ಸುಳ್ಳಾಗುತ್ತಲ್ಲೋ" ಎಂದರು.

ಚಿಕಿತ್ಸೆ ಶುರುವಾಗಿದೆ. ಬಲಗಣ್ಣನ್ನಾದರೂ ಉಳಿಸಿಕೊಳ್ಳಬೇಕು. ಆದರೆ ನಾನು ಎದುರಿಗಿದ್ದರೆ ಅಪ್ಪ ಡಾಕ್ಟರಿಗೂ "ಎಲ್ಲಾ ಚೆನ್ನಾಗಿ ಕಾಣುತ್ತೆ" ಅನ್ನುತ್ತಾರೆ. ನೀನು ಬೇಗ ಬಾ. ನನ್ನನ್ನು ಹೊರಗೆ ಕಳಿಸಿ, ಬಾಗಿಲು ಹಾಕಿಕೊಂಡು ಕೇಳು.

ನಿನ್ನ ತಮ್ಮ