ಹಸಿರಿನ ನಡುವೆ ಒಂದು ಕೆಂಪು ಚುಕ್ಕಿ

ಹೆಬ್ಬಳ್ಳಿ
ಗುರುವಾರ, ೯ ಜನವರಿ ೨೦೨೫

            ಸಂಪದಾ,

ನಿನ್ನ ಹೆಸರಿಗಿಂತ ಮೊದಲು ಒಂದಿಷ್ಟು ಜಾಗ ಬಿಟ್ಟಿದ್ದೇನೆ. ಇಷ್ಟು ವರ್ಷ ಅಲ್ಲಿ ಯಾವ ಮಾತು ಇರುತ್ತಿತ್ತೆಂದು ನಿನಗೆ ಗೊತ್ತು. ಜಲವರ್ಣದಲ್ಲಿ ಬಿಳಿ ಬಣ್ಣ ಹಚ್ಚುವುದಿಲ್ಲ, ಬಿಳಿ ಬೇಕಾದಲ್ಲಿ ಕಾಗದವನ್ನು ಹಾಗೇ ಬಿಡಬೇಕು ಎಂದು ನಿಮ್ಮ ಅಪ್ಪ, ನಮ್ಮ ಚಿತ್ರಕಲೆಯ ಸರ್, ಕಲಿಸಿದ್ದರಲ್ಲ. ಬಿಟ್ಟಿದ್ದೇನೆ.

ಫೋನಿನಲ್ಲಾದರೆ ನೀನು ‘ಆಮ್ಯಾಲೆ ಮಾತಾಡೂಣು’ ಎಂದು ಇಟ್ಟುಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ಕೆಲಸಕ್ಕೆ ಹೋಗುವಾಗ ನಿಮ್ಮ ಗೇಟಿನ ಡಬ್ಬಿಗೆ ಹಾಕುತ್ತೇನೆ. ಒಳಗೆ ಬರುವುದಿಲ್ಲ.

ಸೋಮವಾರ ಹುಬ್ಬಳ್ಳಿಯ ನಮ್ಮ ಫ್ಲೆಕ್ಸ್ ಅಂಗಡಿಗೆ ಒಂದು ಕೆಲಸ ಬಂತು. ಹೆಬ್ಬಳ್ಳಿಯ ಹೊಸ ಲೇಔಟಿನ ಜಾಹೀರಾತು, ರಾಯಾಪುರದ ರಸ್ತೆ ಬದಿಗೆ ನಿಲ್ಲಿಸುವ ದೊಡ್ಡ ಬೋರ್ಡು. ಕಡತ ತೆರೆದರೆ ನಿನ್ನ ಚಿತ್ರ. ನಿಮ್ಮ ಹೊಲ, ನಾವು ಪಾಲಿಗೆ ಮಾಡುವ ಹೊಲ. ಬದುವಿನ ಮೇಲಿನ ಬೇವಿನ ಗಿಡ, ಅದರ ಆಚೆ ಕಡಲೆಯ ಹಸಿರು, ಎಲ್ಲ ಇತ್ತು. ಅವ್ವ ಇರಲಿಲ್ಲ. ಅವಳು ನಿಂತಿದ್ದ ಜಾಗದಲ್ಲಿ ಒಂದು ಕಣಗಿಲೆಯ ಪೊದೆ ಹೂ ಬಿಟ್ಟಿತ್ತು.

ಅಂಗಡಿಯ ಮಾಲೀಕ ಯಾಸೀನಣ್ಣ ನನ್ನ ಬೆನ್ನ ಹಿಂದೆ ನಿಂತು ನೋಡಿದರು. ‘ಗೀತಾ, ಆ ಹೂವಿನ ಹಂತೇಕ ಕಾಗದ ಕೆರದಂಗ ಕಾಣಾಕತ್ತೈತಿ. ಗುಲಾಬಿ ಕಲೆ ಬ್ಯಾರೆ. ಪಾರ್ಟಿಯವರು ಬೈತಾರ, ಸಾಫ್ ಮಾಡಿ ಬಿಡವಾ,’ ಎಂದರು. ನಾನು ‘ಮಾಡತೇನ್ರಿ’ ಎಂದೆ. ಅವರಿಗೇನು ಗೊತ್ತು, ಅವರು ಸಾಫ್ ಮಾಡಲು ಹೇಳಿದ ಕಲೆ ನನ್ನ ಅವ್ವ ಎಂದು?

ಸಣ್ಣ ಚಿತ್ರದಲ್ಲಿ ಮುಚ್ಚಿಹೋಗುವುದು ಫ್ಲೆಕ್ಸಿನಲ್ಲಿ ಮುಚ್ಚುವುದಿಲ್ಲ, ಸಂಪದಾ. ನೀನು ಕುಂಚ ತೋಯಿಸಿ ಬಣ್ಣ ಎತ್ತಿದ್ದೀ, ಬಟ್ಟೆಯಿಂದ ಒತ್ತಿದ್ದೀ, ಮತ್ತೆ ತೋಯಿಸಿದ್ದೀ. ಕಾಗದದ ಎಳೆ ಎದ್ದಿದೆ. ಹಸಿರು ಎತ್ತಿದರೆ ಬರುತ್ತದೆ, ನೀಲಿಯೂ ಅರ್ಧ ಬರುತ್ತದೆ. ಕ್ರಿಮ್ಸನ್ ಬರುವುದಿಲ್ಲ, ಕಾಗದವನ್ನು ಕಚ್ಚಿ ಹಿಡಿಯುತ್ತದೆ. ಅವತ್ತು ಆ ಕೆಂಪನ್ನು ಕಲಸಿಕೊಟ್ಟವಳು ನಾನು. ಎತ್ತಲಾಗದ್ದನ್ನು ನೀನು ಹೂವು ಮಾಡಿದೆ. ಇಂಗ್ಲೆಂಡಿನ ಹಳೆಯ ಚಿತ್ರಗಾರ ಡೇವಿಡ್ ಕಾಕ್ಸ್ ಸಾಮಾನು ಕಟ್ಟುವ ಒರಟು ಕಾಗದದ ಮೇಲೆ ಚಿತ್ರ ಬರೆಯುತ್ತಿದ್ದ, ಆಕಾಶದಲ್ಲಿ ಕಾಗದದ ಕಪ್ಪು ಚುಕ್ಕಿ ಬಂದರೆ ಅದಕ್ಕೆ ರೆಕ್ಕೆ ಬರೆದು ಹಕ್ಕಿ ಮಾಡುತ್ತಿದ್ದನಂತೆ ಎಂದು ಸರ್ ಹೇಳಿದಾಗ ನಾವಿಬ್ಬರೂ ಎಷ್ಟು ನಕ್ಕಿದ್ದೆವು. ನೀನು ಆ ಪಾಠ ಚೆನ್ನಾಗಿ ಕಲಿತೆ.

ನಾನೂ ಅವರನ್ನು ಪ್ರೀತಿಸಿದ್ದೆ, ಆ ಇಂಗ್ಲಿಷ್ ಚಿತ್ರಗಾರರನ್ನು. ಚಿಕ್ಕವಳಿದ್ದಾಗ ಒಮ್ಮೆ ಪಾಲಿನ ಜೋಳ ಹೊತ್ತು ಅವ್ವನ ಜೊತೆ ನಿಮ್ಮ ಮಾಳಮಡ್ಡಿಯ ಮನೆಗೆ ಬಂದಿದ್ದೆ. ಪಡಸಾಲೆಯಲ್ಲಿ ಸರ್ ದೊಡ್ಡ ಪುಸ್ತಕ ತೆರೆದಿದ್ದರು. ಒಂದು ಹೊಲ, ಅದರ ಮೇಲೆ ಮಳೆಗೆ ಸಿದ್ಧವಾದ ಆಕಾಶ. ಆಕಾಶ ಒದ್ದೆಯಾಗಿರುವುದನ್ನು ನಾನು ಕಾಗದದ ಮೇಲೆ ನೋಡಿದ್ದು ಅದೇ ಮೊದಲು. ‘ಬಾ, ಕೂಡು. ನೋಡೂದಕ್ಕ ಯಾರ ಪರವಾನಗಿ ಬೇಕು?’ ಎಂದರು ಸರ್. ಆ ಮಾತಿಗೇ ನಾನು ಇಷ್ಟು ವರ್ಷ ಅವರಿಗೆ ಕೈ ಮುಗಿದದ್ದು.

ಆಮೇಲೆ ನಾನು ಹೋರಾಟದವರು ಹಂಚುವ ತೆಳು ಪುಸ್ತಕಗಳನ್ನು ಓದತೊಡಗಿದೆ. ನೀನು ನಗುತ್ತಿದ್ದೆಯಲ್ಲ, ‘ಮತ್ತ ಶುರು ಆತು ನಿನ್ನ ಪಿನ್ ಹೊಡದ ಪುಸ್ತಕದ ಪುರಾಣ’ ಎಂದು. ಅಂಥದೊಂದು ಪುಸ್ತಕದಲ್ಲೇ ನಾನು ಓದಿದ್ದು: ಆ ಚಿತ್ರಗಳು ಹುಟ್ಟಿದ ಕಾಲದಲ್ಲೇ ಇಂಗ್ಲೆಂಡಿನಲ್ಲಿ ಊರವರ ದನ ಮೇಯುತ್ತಿದ್ದ ನೆಲಕ್ಕೆ ಬೇಲಿ ಬಿತ್ತು, ಬಡವರು ಹೊರಬಿದ್ದರು. ಚಿತ್ರ ಕೊಳ್ಳುವವರಲ್ಲಿ ಬೇಲಿ ಹಾಕಿದವರೂ ಇದ್ದರು. ಆ ಹೊಲಗಳಲ್ಲಿ ಮನುಷ್ಯ ಹೆಬ್ಬೆರಳಿಗಿಂತ ಚಿಕ್ಕವನು. ಹಾಗೇಕೆ ಎಂದು ಕೇಳಿದ್ದಕ್ಕೆ ಸರ್ ಹೇಳಿದ್ದು ನೆನಪಿದೆಯಾ? ‘ಗೀತಾಂಜಲಿ, ಹಸಿರಿನ ನಡುವ ಒಂದು ಕೆಂಪು ಚುಕ್ಕಿ ಇಡಬೇಕು. ಹಸಿರು ಎದ್ದು ಕಾಣತದ. ಅದು ಮನುಷ್ಯಾ ಅಲ್ಲ, ಚುಕ್ಕಿ.’ ನಮ್ಮ ಕ್ಲಾಸಿನಲ್ಲಿ ಕೆಂಪು ಚುಕ್ಕಿ ಇಲ್ಲದ ಚಿತ್ರಕ್ಕೆ ಸರ್ ಸಹಿ ಹಾಕುತ್ತಿರಲಿಲ್ಲ.

ನಿನಗೂ ಚುಕ್ಕಿ ಬೇಕಿತ್ತು. ಅದಕ್ಕೇ ಹೋದ ಚಳಿಗಾಲದಲ್ಲಿ ನಮ್ಮ ಅವ್ವನಿಗೆ ಕೆಂಪು ಇಳಕಲ್ ಸೀರೆ ಉಡಿಸಿ ಹೊಲದ ನಡುವೆ ನಿಲ್ಲಿಸಿದೆ. ‘ಇದನ್ನ ಉಟಗೊಂಡು ಯಾರರೆ ಕಳೆ ತಗೀತಾರೇನವಾ? ಮದವಿಗೆ ಹೊಂಟಂಗ ಆತು,’ ಎಂದು ಅವಳು ನಾಚಿದಳು. ಸ್ವಲ್ಪ ಹೊತ್ತಿಗೇ, ‘ಇನ್ನಾ ಎಷ್ಟ ನಿಂದ್ರಲಿ ಸಂಪದಕ್ಕ? ನಾನೇನ ಬೆದರಗೊಂಬಿ ಆದ್ನೇನ?’ ಎಂದಳು. ಬದುವಿನ ಮೇಲೆ ಕೂತು ರೊಟ್ಟಿ ತಿಂದೆವು. ಅವ್ವ ಇಡೀ ಸಂಜೆ ಅದನ್ನೇ ಹೇಳುತ್ತಿದ್ದಳು: ‘ಆ ಹೊಲದಾಗ ಬಗ್ಗದನ ನಿಂತದ್ದು ಇವತ್ತ ಒಂದ ದಿನ ನೋಡು. ಎಷ್ಟ ದೂರ ಕಾಣತೈತಿ ಅಲ್ಲಿಂದ!’

ಈಗ ಕೇಳು. ಹೋದ ವಾರ ಸರ್ ಹೊಲಕ್ಕೆ ಬಂದಿದ್ದರು, ಅದನ್ನು ಕೊಂಡ ಲೇಔಟಿನವರನ್ನು ಕರೆದುಕೊಂಡು. ಬೆಳೆ ಯಾರದೆಂದು ಅವರು ಕೇಳಿದರು. ‘ಹೊಲಾ ಮೂರು ವರ್ಷದಿಂದ ಬೀಳ ಬಿದ್ದದರಿ. ಇದನ್ನ ಯಾರೋ ಕೇಳದ ಬಿತ್ಯಾರ,’ ಎಂದರು ನಿಮ್ಮ ಅಪ್ಪ. ಅವ್ವ ಅಲ್ಲೇ ಬುಟ್ಟಿ ಹಿಡಿದು ನಿಂತಿದ್ದಳು. ‘ನೀ ಯಾಕ ಬಾಯಿ ಬಿಡಲಿಲ್ಲ?’ ಎಂದು ನಾನು ಕೂಗಾಡಿದೆ. ‘ಸರ್ ಮಾರಿ ನೋಡಿದ್ನಿ. ಅವರು ಗಿಡ ನೋಡಾಕತ್ತಿದ್ರು,’ ಎಂದಳು, ಅಷ್ಟೇ.

ಸೋಮವಾರ ರಾತ್ರಿ ನಿನಗೆ ಫೋನ್ ಮಾಡಿದ್ದು ಇದನ್ನು ಹೇಳಲಿಕ್ಕೆ. ನೀನು ‘ಅಪ್ಪಾ ಹೇಳಿದ್ರು, ಅವರಿಗೆ ಖಾಲಿ ಹೊಲ ಬೇಕಿತ್ತು, ತಗದೆ. ಅದು ಬರೇ ಚಿತ್ರ, ಗೀತಾ,’ ಎಂದೆ. ಬರೀ ಚಿತ್ರವಲ್ಲ. ಅಪ್ಪ ಬಾಯಲ್ಲಿ ಹೇಳಿದ ಸುಳ್ಳನ್ನು ಮಗಳು ಕುಂಚದಲ್ಲಿ ಹೇಳಿದಳು. ಅವರದಕ್ಕಿಂತ ನಿನ್ನದು ನಾಜೂಕು.

ಬರುವ ಸೋಮವಾರ ರಸ್ತೆ ಕಡಿಯುವ ಯಂತ್ರ ಬರುತ್ತದೆ. ಕಡಲೆ ಕಾಯಿ ಕಟ್ಟಿದೆ. ಒಣಗಿ ಕೀಳಲು ಇನ್ನೊಂದು ತಿಂಗಳು ಬೇಕು. ಉಳುವವರದೇ ಭೂಮಿ ಎಂದು ನನ್ನ ಪುಸ್ತಕಗಳು ಹೇಳುತ್ತವೆ. ಅದರ ಜಗಳ ನನ್ನದು, ನಾನು ಆಡುತ್ತೇನೆ. ಅವ್ವ ಕೇಳುತ್ತಿರುವುದು ಆ ಒಂದು ತಿಂಗಳು ಮಾತ್ರ. ಭಾನುವಾರ ಲೇಔಟಿನವರು ಊರ ಹಿರಿಯರ ಮುಂದೆ ಕೂರುತ್ತಾರೆ. ನೀನು ಬಾ. ‘ಈ ಹೊಲಾ ದುರಗವ್ವ ಮಾಡತಿದ್ಲು, ನಾ ಕಣ್ಣಾರೆ ನೋಡೇನಿ’ ಎಂದು ಹೇಳಿ ಹೋಗು. ಯಜಮಾನರ ಮಗಳ ಮಾತು ತೂಗುತ್ತದೆ. ನಮ್ಮ ಮಾತು ತೂಗುವುದಿಲ್ಲ, ಅದೂ ನಿನಗೆ ಗೊತ್ತು.

ಬಂದರೆ ಆ ಖಾಲಿ ಜಾಗವನ್ನು ತುಂಬುತ್ತೇನೆ.

ದುರಗವ್ವನ ಮಗಳು,
ಗೀತಾಂಜಲಿ

ತಾ.ಕ. — ಶನಿವಾರ. ನಿನ್ನೆ ನಿಮ್ಮ ಗೇಟಿನ ತನಕ ಬಂದು ಪತ್ರ ಹಾಕದೆ ಹಿಂದಿರುಗಿದೆ. ಸೋಮವಾರ ಮಾಡಿದ ಒಂದು ಕೆಲಸವನ್ನು ಮೇಲೆ ಬರೆದಿರಲಿಲ್ಲ. ನಾನು ಆ ಕಲೆಯನ್ನು ಸಾಫ್ ಮಾಡಲಿಲ್ಲ. ನಿನ್ನ ಚಿತ್ರ ಮುಗಿದ ದಿನ ನನ್ನ ಫೋನಿನಲ್ಲಿ ತೆಗೆದಿದ್ದ ಫೋಟೋದಿಂದ ಅವ್ವನನ್ನು ಕತ್ತರಿಸಿ, ಕಣಗಿಲೆ ಕಿತ್ತುಹಾಕಿ, ಅವಳ ಜಾಗದಲ್ಲಿ ಅವಳನ್ನೇ ನಿಲ್ಲಿಸಿದೆ. ರಾಯಾಪುರದಲ್ಲಿ ಓಡಾಡುವ ಜನ ‘ಬೀಳು ಹೊಲದಾಗ ಈಕಿ ಯಾರು?’ ಎಂದು ಕೇಳಲಿ, ಸುಳ್ಳು ರಸ್ತೆಯ ಮೇಲೇ ಒಡೆಯಲಿ ಎಂದು.

ನಿನ್ನೆ ಬೋರ್ಡು ನಿಂತಿತು. ಇಂದು ಮುಂಜಾನೆ ಲೇಔಟಿನ ಮ್ಯಾನೇಜರ್ ಫೋನ್ ಮಾಡಿದ. ಯಾಸೀನಣ್ಣ ಹೆದರಿ ಸ್ಪೀಕರ್ ಹಾಕಿದರು. ‘ಯಾರ್ರೀ ಆ ಕೆಂಪ ಸೀರಿ ಹೆಣ್ಮಗಳು? ಬೋರ್ಡಿಗೆ ಜೀವಾ ಬಂತ ನೋಡ್ರಿ! ಹಸಿರು ಹೆಂಗ ಎದ್ದ ಕಾಣಾಕತ್ತೈತಿ! ಎಲ್ಲಾ ಬೋರ್ಡಿಗೂ ಆಕೀನ್ನ ಹಾಕ್ರಿ,’ ಎಂದ.

ಬೋರ್ಡಿನ ಫೋಟೋವನ್ನು ನಿನ್ನೆ ಸಂಜೆ ಅವ್ವನಿಗೆ ತೋರಿಸಿದ್ದೆ. ‘ಅಯ್ಯ, ಎಷ್ಟ ದೊಡ್ಡಾಕಿ ಆಗೇನಿ!’ ಎಂದು ನಕ್ಕಳು. ಇಂದು ನಾನು ಏಳುವುದರೊಳಗೆ ಹೊಲಕ್ಕೆ ಹೋಗಿ ಕಡಲೆಯನ್ನು ಹಸಿಯಾಗಿಯೇ ಕೀಳತೊಡಗಿದ್ದಳು, ಸುಲಿದು ತಿನ್ನುವ ಸುಲಗಾಯಿ ಎಂದು ಸಂತೆಗೆ ಒಯ್ಯಲು. ನೀನು ಬರುತ್ತೀ ಎಂದು ಅವಳು ಒಂದು ಗಳಿಗೆಯೂ ನಂಬಿರಲಿಲ್ಲ. ಭಾನುವಾರ ಬರಬೇಡ.

ಉಳಿದ ಬೋರ್ಡುಗಳನ್ನು ಮುದ್ರಿಸುತ್ತ ಮೆಷಿನ್ನಿನ ಬದಿಯಲ್ಲಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಅಪ್ಪನ ಕೆಂಪು ಚುಕ್ಕಿಯ ಪಾಠ ಸರಿಯಾಗಿಯೇ ಇತ್ತು. ಅವ್ವನ ಸೀರೆ ಪೂರಾ ಒಣಗದೆ ಹೊರಬರುತ್ತಿದೆ. ಮುಟ್ಟಿದರೆ ಕೆಂಪು ಕೈಗೆ ಹತ್ತುತ್ತದೆ.