ಫ್ರಾನೇಯನ್ನು ಮನೆಗೆ ಕರೆದ ಹಾಡು

ಸ್ಯಾನ್ ಪೆಡ್ರೊ
೯ ಸೆಪ್ಟೆಂಬರ್ ೧೯೮೪

ನುಂಜಿಯೊ,

ಮೊದಲು 'ಪ್ರೀತಿಯ' ಅಂತ ಬರೆದು ಹೊಡೆದು ಹಾಕಿದೆ. ಹೊಡೆದದ್ದು ಕಾಣುತ್ತದೆ. ಕಾಣಲಿ, ಇನ್ನೊಂದು ಹಾಳೆ ತೆಗೆದುಕೊಳ್ಳುವಷ್ಟು ವ್ಯವಧಾನ ನನಗಿಲ್ಲ.

ನಿನ್ನ ಕಾಗದ ತಲುಪಿತು. ಬಂದರಿನ ದೋಣಿ ಹಬ್ಬಕ್ಕೆ ನಿಮ್ಮ ಬ್ಯಾಂಡನ್ನು ಕರೆದಿದ್ದಾರೆ, ಆ ಹಾಡು ನುಡಿಸದಿದ್ದರೆ ಬರುವುದೇ ಬೇಡ ಅಂದಿದ್ದಾರೆ ಅಂತ ಬರೆದಿದ್ದೀಯ. ಅಮ್ಮ ಇರುವವರೆಗೂ ಈ ಊರಿನಲ್ಲಿ ಅದನ್ನು ನುಡಿಸುವುದಿಲ್ಲ ಎಂದು ನನಗೆ ಕೊಟ್ಟ ಮಾತಿನಿಂದ ಬಿಡುಗಡೆ ಕೇಳಿದ್ದೀಯ. ಓದಿದ ಕೂಡಲೇ 'ಆಗುವುದಿಲ್ಲ' ಅಂತ ಬರೆದು ಅಂಚೆಪೆಟ್ಟಿಗೆಯವರೆಗೂ ಹೋಗಿದ್ದೆ. ಅದನ್ನು ಯಾಕೆ ಹಾಕಲಿಲ್ಲ ಅಂತ ಹೇಳಬೇಕಾದರೆ ನಿನಗೆ ಗೊತ್ತಿರುವುದನ್ನೂ ಸ್ವಲ್ಪ ಹೇಳಬೇಕಾಗುತ್ತದೆ. ಸಹಿಸಿಕೋ.

ಇಪ್ಪತ್ತು ವರ್ಷದ ಹಿಂದಿನ ನಮ್ಮ ಗ್ಯಾರೇಜು ನೆನಪಿದೆಯಲ್ಲ? ಅಪ್ಪನ ಬಲೆಗಳ ರಾಶಿಯ ಪಕ್ಕದಲ್ಲಿ ನನ್ನ ತಮ್ಮ ಫ್ರಾನೇಯ ಡ್ರಮ್ಮು, ಬಾಗಿಲ ಹತ್ತಿರ ನಿನ್ನ ಗಿಟಾರು, ನಿನ್ನ ಚಿಕ್ಕಪ್ಪನ ಮಕ್ಕಳಿಬ್ಬರು ಜಾಗ ಸಾಲದೆ ಅರ್ಧ ಬೀದಿಯಲ್ಲಿ. 'ದಿ ನೆಟ್ ಮೆಂಡರ್ಸ್' ಅಂತ ಹೆಸರಿಟ್ಟುಕೊಂಡಿರಿ. ಅಪ್ಪ ಮೀನಿನ ಬೇಟೆಯಿಂದ ಬಂದವರು ಅದನ್ನು ಓದಿ, "ಬಲೆ ಹೊಲಿಯೋಕೆ ಬೆನ್ನು ಬಗ್ಗದೋರೆಲ್ಲ ಸೇರ್ಕೊಂಡು ಬಲೆ ಹೊಲಿಯೋರು ಅಂತ ಹೆಸರಿಟ್ಕೊಂಡಿದೀರಲ್ಲೋ" ಅಂತ ಹಂಗಿಸಿದ್ದರು.

ಆ ಬೇಸಿಗೆಯ ಸಂಜೆಗಳಲ್ಲಿ ಫ್ರಾನೇ ನೀರಿನಿಂದ ಮೇಲೆ ಬರುತ್ತಲೇ ಇರಲಿಲ್ಲ. ಅಮ್ಮ ಮೀನಿನ ಕಾರ್ಖಾನೆಯಿಂದ ಬಂದು ಸಾರಿಗಿಟ್ಟು, ಏಪ್ರನ್ ಬಿಚ್ಚದೆ ಗುಡ್ಡದ ಅಂಚಿಗೆ ಹೋಗಿ ಕೂಗುತ್ತಿದ್ದಳು: "ಫ್ರಾನೇ! ಡೋಮಾ!" ಮನೆಗೆ ಬಾ ಅಂತ, ಅವಳು ಹುಟ್ಟಿದ ದ್ವೀಪದ ಭಾಷೆಯಲ್ಲಿ. ಕೆಳಗೆ ಸಮುದ್ರದಲ್ಲಿ ಹಲಗೆಯ ಮೇಲೆ ನಿಂತು ಅಲೆ ಹತ್ತುತ್ತಿದ್ದ ಹುಡುಗರೆಲ್ಲ ತಿರುಗಿ ನೋಡುತ್ತಿದ್ದರು, ಕೇಳಿಸದವನಂತೆ ಇರುತ್ತಿದ್ದವನು ಅವನೊಬ್ಬನೇ. ನೀನು ಒಂದು ದಿನ ಪೊದೆಯ ಹಿಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತು ಆ ಕೂಗನ್ನು ಹಿಡಿದೆ. ಗ್ಯಾರೇಜಿನಲ್ಲಿ ಮೊದಲ ಸಲ ಕೇಳಿಸಿದಾಗ ಅಮ್ಮ ನಿಮಗೆಲ್ಲ ಒರೆಸುವ ಬಟ್ಟೆಯಲ್ಲಿ ಬಾರಿಸಿದಳು. "ನನ್ನ ಗಂಟಲಿಗೆ ಗಿಟಾರ್ ಕಟ್ಟಿದ್ರಾ, ಕತ್ತೆಗಳಾ?" ಅಂದಳು. ಬಾಗಿಲವರೆಗೆ ಹೋದವಳು ಹಿಂದಿರುಗಿ, "ಇನ್ನೊಂದ್ಸಲ ಹಾಕಿ, ನೋಡೋಣ" ಅಂದಳು.

ಹಾಗೆ ಹುಟ್ಟಿತು 'ಡೋಮಾ'. ಅಮ್ಮನ ಕೂಗು, ಅದರ ಬಾಲ ಹಿಡಿದು ಫ್ರಾನೇಯ ಡ್ರಮ್ಮು, ಆಮೇಲೆ ನಿನ್ನ ಗಿಟಾರ್ ನೀರಿನ ಹಾಗೆ ಎದ್ದು ನಿಲ್ಲುವುದು. ಪದವೇ ಇಲ್ಲದ ಹಾಡಿನಲ್ಲಿ ಅಮ್ಮನ ಮಾತು ಎರಡು. ರೆಕಾರ್ಡು ಬಂದು, ದೇಶದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಹನ್ನೊಂದನೆಯ ಸ್ಥಾನಕ್ಕೆ ಏರಿತು. ಡೋಮಾ ಅಂದರೆ ಹವಾಯಿ ಭಾಷೆಯಲ್ಲಿ ದೊಡ್ಡ ಅಲೆ ಅಂತ ರೇಡಿಯೋದವನು ಹೇಳಿದಾಗ ಫ್ರಾನೇ ನಕ್ಕು ನಕ್ಕು ಕುರ್ಚಿಯಿಂದ ಬಿದ್ದ. ಕರಾವಳಿಯ ಹುಡುಗರು ಹಲಗೆಗಳ ಮೇಲೆ ಆ ಪದವನ್ನು ಬಣ್ಣದಲ್ಲಿ ಬರೆಸಿಕೊಂಡರು. ಕಾರ್ಖಾನೆಯ ಹೆಂಗಸರು ಅಮ್ಮನನ್ನು "ನಮ್ಮ ಸಿನಿಮಾ ತಾರೆ" ಅಂತ ರೇಗಿಸಿದರೆ, ಅವಳು ಮೀನು ಕುಯ್ಯುವ ಚಾಕುವಿನಲ್ಲೇ ಸಲಾಮು ಹೊಡೆಯುತ್ತಿದ್ದಳು.

ಫೆಬ್ರವರಿಯ ಆ ದಿನದ ಬಗ್ಗೆ ನಾವಿಬ್ಬರೂ ಯಾವತ್ತೂ ಪೂರ್ತಿ ಮಾತಾಡಲಿಲ್ಲ. ಬಿರುಗಾಳಿ ಹೋಗಿ ಅಲೆ ಉಳಿದಿತ್ತು. ಮಾರನೆಯ ದಿನ ನೀವೆಲ್ಲ ಹಾಡು ನುಡಿಸಲು ಚಿಕಾಗೊಗೆ ಹೊರಡಬೇಕಿತ್ತು. "ಅಲ್ಲಿ ಸಮುದ್ರ ಇಲ್ವಲ್ಲೇ ಅಕ್ಕಾ, ಒಂದೇ ಒಂದು ಅಲೆ ಹತ್ತಿ ಬಂದ್ಬಿಡ್ತೀನಿ" ಅಂತ ಫ್ರಾನೇ ಹೋದ. ಹಲಗೆ ಮಾತ್ರ ದಡಕ್ಕೆ ಬಂತು. ಅಮ್ಮ ಗುಡ್ಡದ ಅಂಚಿನಲ್ಲಿ ನಿಂತು ಕೂಗಿದಳು. ಗಸ್ತಿನ ದೋಣಿಗಳು ಹುಡುಕುವುದನ್ನು ಬಿಟ್ಟ ಮೇಲೂ ಕೂಗಿದಳು. ಗಂಟಲು ಒಡೆದು ಬರೀ ಗಾಳಿ ಬರುವವರೆಗೂ ಕೂಗಿದಳು.

ನೀನು ಆಗ ಕೆಳಗೆ ಬಂಡೆಗಳಲ್ಲಿ ಹುಡುಕುತ್ತಿದ್ದೆ, ಇದನ್ನು ನೋಡಿಲ್ಲ. ನಮ್ಮ ಹಿಂದೆ ಒಂದು ಕಾರು ಬಂದು ನಿಂತಿತು. ಯಾರೋ ಪರ ಊರಿನ ಹುಡುಗರು, ಅವರಿಗೇನು ಗೊತ್ತು. ಕಿಟಕಿ ಇಳಿಸಿತ್ತು, ರೇಡಿಯೋ ಹಾಡುತ್ತಿತ್ತು. ಅಮ್ಮನ ಬಾಯಿ ತೆರೆದೇ ಇತ್ತು, ದನಿ ಇರಲಿಲ್ಲ. ದನಿ ಹಿಂದಿನಿಂದ ಬಂತು. ಒಂಚೂರೂ ಒಡೆಯದ, ಸಾರಿಗಿಟ್ಟು ಬಂದ ಹೆಂಗಸಿನ ಗಟ್ಟಿ ದನಿ: "ಫ್ರಾನೇ! ಡೋಮಾ!" ಅಮ್ಮ ಕತ್ತಿನ ಮೇಲೆ ಕೈಯಿಟ್ಟುಕೊಂಡು ನಿಧಾನವಾಗಿ ತಿರುಗಿದಳು. ಆ ಮುಖವನ್ನು ಇವತ್ತಿಗೂ ಕನಸಿನಲ್ಲಿ ನೋಡುತ್ತೇನೆ.

ಅವಳ ದನಿ ಮತ್ತೆ ಪೂರ್ತಿ ಬರಲಿಲ್ಲ. ಹಾಡಿನಲ್ಲಿ ಮಾತ್ರ ಉಳಿಯಿತು.

ಆಮೇಲೆ ನಾವು ಮದುವೆಯಾದೆವು. ಇಬ್ಬರೂ ಅವನನ್ನೇ ಹುಡುಕಿಕೊಂಡು ಒಬ್ಬರಲ್ಲೊಬ್ಬರು ಬಂದೆವೇನೋ ಅಂತ ಈಗ ಅನ್ನಿಸುತ್ತದೆ. ನನಗೋಸ್ಕರ ನೀನು ಕೂಗನ್ನು ತೆಗೆದು ಬರೀ ಡ್ರಮ್ಮಿನಿಂದ ಹಾಡು ಶುರು ಮಾಡಿದೆ, ಅದನ್ನು ನಾನು ಮರೆತಿಲ್ಲ. ಆದರೆ ಸ್ಯಾನ್ ಬರ್ನಾರ್ಡಿನೋದ ಆ ಸಭಾಂಗಣದಲ್ಲಿ ಜನ ಬಿಡಲಿಲ್ಲ. ಹೊಸ ಡ್ರಮ್ಮಿನವನು ಕೋಲೆತ್ತಿದ್ದೇ ತಡ, ಇಡೀ ಸಭಾಂಗಣ ಒಂದೇ ಬಾಯಿಯಾಗಿ ನನ್ನ ತಮ್ಮನನ್ನು ಮನೆಗೆ ಕರೆಯಿತು. ಕುಣಿಯುತ್ತಾ, ನಗುತ್ತಾ ಕರೆಯಿತು. ನನ್ನ ಪಕ್ಕದ ಹುಡುಗಿ ಭುಜ ತಟ್ಟಿ, "ನೀವೂ ಕೂಗಿ, ಮಜಾ ಬರುತ್ತೆ" ಅಂದಳು. ನಾನು ಅಲ್ಲಿಂದ ಸೀದಾ ಬಸ್ಸು ಹತ್ತಿ ಅಮ್ಮನ ಮನೆಗೆ ಬಂದೆ. ನೀನು ಹಿಂದೆಯೇ ಬಂದು ಮೆಟ್ಟಿಲ ಮೇಲೆ ನಿಂತು ಆ ಮಾತು ಕೊಟ್ಟೆ. ಒಳಗೆ ಬಾ ಅಂತ ನಾನು ಕರೆಯಲಿಲ್ಲ.

ಅಂದಿನಿಂದ ನಾನು ಈ ಮನೆಯ ಕಾವಲುಗಾರ್ತಿ. ಅಡುಗೆಮನೆಯ ರೇಡಿಯೋ ದಾನ ಮಾಡಿದೆ. ಅಂಗಡಿಯಲ್ಲಿ ಹಳೆಯ ಹಾಡುಗಳು ಶುರುವಾದರೆ ಅಮ್ಮನ ತೋಳು ಹಿಡಿದು ಹೊರಗೆ ಕರೆತರುತ್ತಿದ್ದೆ. ಅಪ್ಪ ತೀರಿಕೊಂಡಾಗ, ವಾದ್ಯದವರಿಗೂ ಮೊದಲೇ ಎಚ್ಚರಿಸಿದ್ದೆ.

ಈಗ ಹೋದ ಭಾನುವಾರದ ವಿಷಯ. ನಿನಗೆ ಬರೆದ ಆ ಒಂದು ಸಾಲಿನ ಕಾಗದ ಕೈಯಲ್ಲಿತ್ತು. ಮುಚ್ಚಿಹೋದ ಕಾರ್ಖಾನೆಯ ಎದುರಿನ ಕೆಫೆಯ ಪಕ್ಕ ಅಂಚೆಪೆಟ್ಟಿಗೆ. ಗಾಜಿನ ಆಚೆಯಿಂದ ಆ ಕೂಗು ಕೇಳಿಸಿತು. ನೋಡಿದರೆ ಅಮ್ಮ! ಪೂಜೆ ಮುಗಿದ ಮೇಲೆ ಜಪಮಾಲೆಯ ಹೆಂಗಸರ ಜೊತೆ ಚರ್ಚಿನಲ್ಲೇ ಉಳಿಯುತ್ತಾಳೆ ಅಂತ ನಾನು ನಂಬಿದ್ದೆ. ಇಲ್ಲಿ ಚರ್ಚಿನ ಟೋಪಿ ಹಾಕಿಕೊಂಡೇ, ಕಾಸು ಹಾಕಿದರೆ ಹಾಡುವ ಜ್ಯೂಕ್‌ಬಾಕ್ಸಿಗೆ ಕಿವಿಗೊಟ್ಟು ಕೂತಿದ್ದಾಳೆ, ಬೆರಳು ಮೇಜಿನ ಮೇಲೆ ತಾಳ ಹಾಕುತ್ತಿದೆ. ಒಳಗೆ ಹೋದೆ.

"ಇವರಾ? ನಮ್ಮತ್ತೆ ಕಾಲದಿಂದ ಬರ್ತಿದಾರೆ" ಅಂದಳು ಕೆಫೆಯವಳು. "ಆ ಒಂದು ಹಾಡಿಗೋಸ್ಕರಾನೇ ಆ ಡಬ್ಬಾನ ಇಟ್ಕೊಂಡಿದೀವಿ."

ಎದುರು ಕೂತು, ಅಮ್ಮಾ, ಇದನ್ನ ಹೇಗೆ ಕೇಳ್ತೀಯಾ ಅಂದೆ.

ಅಮ್ಮ ನನ್ನನ್ನು ನೋಡಿ ಗಾಬರಿಯಾಗಲಿಲ್ಲ. ಆ ಗಾಳಿಯಂಥ ದನಿಯಲ್ಲಿ, "ನೀನು ಪಾಪ ಅಷ್ಟು ಕಷ್ಟಪಟ್ಟು ಬಚ್ಚಿಡ್ತಿದ್ಯಲ್ಲಾ, ಬೇಜಾರಾಗತ್ತೆ ಅಂತ ಹೇಳ್ಲಿಲ್ಲ ಕಣೇ" ಅಂದಳು. "ನಾನೇನು ಆ ಕಿರುಚೋ ಹೆಂಗಸನ್ನ ಕೇಳೋಕೆ ಬರ್ತೀನಾ? ಡ್ರಮ್ ಬಾರಿಸ್ತಿರೋನು ಯಾರು ಹೇಳು. ನಾನು ಕರೀತೀನಿ, ಅವನು ತಕ್ಷಣ ಓಗೊಡ್ತಾನೆ. ದಡದಲ್ಲಿ ಒಂದು ದಿನನಾದ್ರೂ ಇಷ್ಟು ಬೇಗ ಓಗೊಟ್ಟಿದ್ನಾ, ಪೋಲಿ ಮುಂಡೇದು?"

ನುಂಜಿಯೊ, ಆ ಹಾಡನ್ನು ಎಷ್ಟೋ ಸಲ ಕೇಳಿದ್ದೇನೆ, ಕೂಗು ಬಂದ ಕೂಡಲೇ ಕಿವಿ ಮುಚ್ಚಿಕೊಂಡಿದ್ದೇನೆ. ಆಮೇಲಿನದನ್ನು ಕೇಳಿಸಿಕೊಂಡೇ ಇರಲಿಲ್ಲ. ಅಮ್ಮ ಇನ್ನೊಂದು ನಾಣ್ಯ ಹಾಕಿದಳು. ಇಬ್ಬರೂ ಕೇಳಿದೆವು. ಅವನ ಕೈಗಳು ಅಲ್ಲೇ ಇದ್ದವು, ಮೇಜಿನ ಆಚೆ ಕೂತಿದ್ದಷ್ಟು ಹತ್ತಿರ.

ನಿನ್ನ ವಿಷಯ ಹೇಳಿದೆ. ಬರಲಿ ಅಂದಳು. ಆದರೆ ಟೇಪು ಬೇಡವಂತೆ. "ಜೀವ ಇರೋರು ಕರೀಬೇಕು. ನನ್ನ ಕೈಲಾಗಲ್ಲ. ನೀನು ಕರಿ."

ನಿನ್ನೆ ಮಧ್ಯಾಹ್ನ ಗುಡ್ಡದ ಅಂಚಿಗೆ ಕರೆದೊಯ್ದು ಕಲಿಸಿದಳು. ಗಂಟಲಿನಿಂದಲ್ಲ, ಹೊಟ್ಟೆಯಿಂದ ಅಂತ ಗುದ್ದಿದಳು. ಇಷ್ಟು ವರ್ಷಗಳಲ್ಲಿ ಅವನ ಹೆಸರನ್ನು ನಾನು ಗಟ್ಟಿಯಾಗಿ ಹೇಳಿಯೇ ಇರಲಿಲ್ಲ ಅಂತ ಅಲ್ಲಿ ನಿಂತಾಗ ಗೊತ್ತಾಯಿತು. ಮೊದಲೆರಡು ಸಲ ಅಳು ಬಂತು. ಮೂರನೆಯ ಸಲ ಬಂದದ್ದು ನನ್ನ ದನಿಯಲ್ಲ, ರೆಕಾರ್ಡಿನದೇ ದನಿ. ನನ್ನೊಳಗೆ ಅದು ಎಲ್ಲಿ ಕೂತಿತ್ತೋ.

ಕೆಳಗೆ ಅಲೆಗಳಲ್ಲಿದ್ದವರೆಲ್ಲ ತಿರುಗಿ ನೋಡಿದರು. ಎಲ್ಲರಿಗಿಂತ ದೂರದಲ್ಲಿದ್ದ ಒಬ್ಬ, ಯಾರೋ ಏನೋ, ಬಿಸಿಲಿಗೆ ಮುಖ ಕಾಣಲಿಲ್ಲ, ಕೈಯೆತ್ತಿ ಬೀಸಿದ. ಅಮ್ಮನೂ ಕೈಬೀಸಿದಳು. "ನೋಡಿದ್ಯಾ?" ಅಂದಳು. ನಾನು ಹೂಂ ಅಂದೆ. ನೀನಾಗಿದ್ದರೆ ಏನನ್ನುತ್ತಿದ್ದೆ?

ಆದ್ದರಿಂದ ಬಾ. ಕೊಟ್ಟ ಮಾತಿನ ಹಂಗು ಇನ್ನಿಲ್ಲ. ಕರೆಯುವುದು ನಾನು. ನನ್ನ ದನಿ ನಿಂತ ಮೇಲೆ ಡ್ರಮ್ಮು ಒಂದು ಗಳಿಗೆಯೂ ತಡವಾಗಬಾರದು, ಅಷ್ಟು ನೋಡಿಕೋ.

ಇಂತಿ,
ವಿಂಕಾ

ಮರೆತೆ: ನಿನ್ನ ಈಗಿನ ಡ್ರಮ್ಮಿನವನಿಗೆ ಮೊದಲೇ ತಿಳಿಸಿಡು. ಅಮ್ಮ ಇವತ್ತು ಬೆಳಿಗ್ಗೆ ಫ್ರಾನೇಯ ಹಾಸಿಗೆಗೆ ಹೊಸ ಹೊದಿಕೆ ಹಾಕಿ, ಅಂಗಳದಲ್ಲಿ ಅವನ ದಿಂಬು ಬಿಸಿಲಿಗಿಟ್ಟಿದ್ದಾಳೆ. ಹಾಡು ಮುಗಿದ ಮೇಲೆ ಅವಳು ವೇದಿಕೆ ಹತ್ತಿ ಆ ಡ್ರಮ್ಮಿನವನ ಕೈ ಹಿಡಿದು, ಫ್ರಾನೇ, ಮನೆಗೆ ನಡಿ ಅಂದರೆ, ಬೇಡ ಅನ್ನದಿರಲಿ, ಹೆಸರು ಬೇರೆ ಅಂತ ತಿದ್ದದಿರಲಿ. ಸುಮ್ಮನೆ ಬಂದು ಒಂದು ಬಟ್ಟಲು ಮೀನಿನ ಸಾರು ಉಂಡು ಹೋಗಲಿ. ಅವನೊಬ್ಬನೇ ಬರಲು ಅಂಜಿದರೆ, ನೀನೂ ಜೊತೆಗೆ ಬಾ. ಈ ಸಲ ಮೆಟ್ಟಿಲ ಮೇಲೆ ನಿಲ್ಲಬೇಡ.