ಮಾವ ಉಜ್ಜಿದ ಕೊಳವೆ

ಕಲ್ಯಾಣದುರ್ಗ
ಭಾನುವಾರ

ಹಿಂದೂಪುರದ ವರ್ಕ್‌ಶಾಪಿನ ಒಡೆಯರೂ ನನ್ನ ಸೋದರಮಾವನವರೂ ಆದ ಶ್ರೀ ಶಿವಯೋಗಪ್ಪನವರ ಸನ್ನಿಧಿಗೆ,

ನಮ್ಮ ಲ್ಯಾಬಿನ ಕಣ ಓಡಿಸುವ ಯಂತ್ರಕ್ಕೆ ನೀವು ಮಾಡಿಕೊಟ್ಟ ಕೊಳವೆಯನ್ನು ಅಳೆದೆ. ಪರೀಕ್ಷೆಗೆ, ಕೊಳವೆಯಲ್ಲಿ ಓಡಬೇಕಾದ ಕಣಗಳ ಬದಲು ಒಳಗೊಂದು ತೆಳು ತಂತಿ ಎಳೆದು ಕಟ್ಟಿ, ಅದರಲ್ಲಿ ಸಿಗ್ನಲ್ ಬಿಡುತ್ತೇವೆ. ಒಳಮೈ ನುಣುಪಾಗಿದ್ದರೆ ಅದು ಸಲೀಸಾಗಿ ದಾಟುತ್ತದೆ. ನಿಮ್ಮದರಲ್ಲಿ ನಡುವೆ ಎಡವಿತು. ಎರಡೂ ತುದಿ ಫಳಫಳ, ಕೈಯೂ ಕಣ್ಣೂ ಹೋಗದ ನಡುವೆ ಉಜ್ಜದೆ ಬಿಟ್ಟ ಬೆಸುಗೆಯ ದಿಬ್ಬ.

“ಒಳಗೆಲ್ಲ ಕನ್ನಡಿ ಇದ್ದಂಗೈತೆ ಕಣಮ್ಮ” ಅಂದಿದ್ದಿರಿ. ಅದನ್ನೇ ನಂಬಿ ಲ್ಯಾಬಿನಲ್ಲಿ ಎಲ್ಲರೆದುರು ನಿಮ್ಮ ಪರವಾಗಿ ಮಾತು ಕೊಟ್ಟಿದ್ದೆ.

ಕೊಳವೆಯನ್ನು ವಾಪಸ್ ಕಳಿಸಿದ್ದೇನೆ, ದಯವಿಟ್ಟು ನಡುವೆಯೂ ಉಜ್ಜಿಸಿ.

ನನ್ನನ್ನು ಹೆಣ್ಣು ಕೇಳಲು ಬಂದಾಗ ನಿಮ್ಮ ಮಗ ಬಸವೇಶ ಬಾವನ ಬಗ್ಗೆಯೂ ಇದೇ ಕನ್ನಡಿಯ ಮಾತು ಹೇಳಿದ್ದಿರಿ. ನಿಶ್ಚಿತಾರ್ಥಕ್ಕೆ ಮೊದಲು ಅವರೊಬ್ಬರನ್ನೇ ಇಲ್ಲಿಗೆ ಕಳಿಸಿಕೊಡಿ. ನೀವು ಬರುವುದು ಬೇಡ.

ಸದ್ಯಕ್ಕೆ ನಿಮ್ಮ ಅಕ್ಕನ ಮಗಳು ಮಾತ್ರ,
ರಶ್ಮಿ